“ನೀನು ಬಾಯಿ ಮಾತ್ರ ಆಡಿಸು, ಸ್ವರ ಹೊರಡಿಸಬೇಡ” – ಈ ಮಾತು ಕೇಳಿಸಿಕೊಂಡವರು ಇನ್ನೂ ಯಾರಿದ್ದೀರಿ?

ಕೊನೆಯ ಬೆಂಚು
ಮಗಳು ಐದನೆಯ ತರಗತಿ. ರಾಜ್ಯೋತ್ಸವದ ಸಮೂಹ ಗಾಯನಕ್ಕೆ ತನ್ನನ್ನೂ ಆರಿಸಿದ್ದಾರೆಂದು ಮೊನ್ನೆ ಕುಣಿದುಕೊಂಡು ಬಂದಳು. ರಾತ್ರಿ ಊಟಕ್ಕೆ ಕುಳಿತಾಗ, “ಅಪ್ಪಾ, ನೀನು ಶಾಲೆಯಲ್ಲಿ ಯಾವ ಹಾಡು ಹಾಡುತ್ತಿದ್ದೆ?” ಎಂದು ಕೇಳಿದಳು. ಅನ್ನ ಕಲಸುತ್ತಿದ್ದ ಕೈ ಅಲ್ಲೇ ನಿಂತಿತು.

1991. ಹಾಸನ ಜಿಲ್ಲೆಯ ಒಂದು ಹೋಬಳಿ ಊರಿನ ಶಾಲೆ. ನಾನು ಆರನೆಯ ತರಗತಿ. ರಾಜ್ಯೋತ್ಸವಕ್ಕೆ ಇಪ್ಪತ್ತು ಮಂದಿಯ ತಂಡ, ಎರಡು ವಾರ ತಾಲೀಮು. ಎತ್ತರ ಇದ್ದೆನೆಂದು ನನ್ನನ್ನು ಹಿಂದಿನ ಸಾಲಿಗೆ ಹಾಕಿದ್ದರು. ಕಾರ್ಯಕ್ರಮದ ಹಿಂದಿನ ದಿನ ಮೇಷ್ಟರು ನಾವು ಹಾಡುತ್ತಿರುವಾಗಲೇ ಸಾಲಿನುದ್ದಕ್ಕೂ ನಡೆದು, ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿದರು. ನನ್ನ ಬಳಿ ನಿಂತರು. ಬೈಯಲಿಲ್ಲ, ಕಿವಿ ಹಿಂಡಲಿಲ್ಲ. ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: “ನೀನು ಬಾಯಿ ಮಾತ್ರ ಆಡಿಸಪ್ಪಾ, ಸ್ವರ ಹೊರಡಿಸಬೇಡ.”

ಮಾರನೆಯ ದಿನ ಒಗೆದ ಬಿಳಿ ಅಂಗಿ, ಎದೆಗೆ ಹಳದಿ–ಕೆಂಪು ಪಟ್ಟಿ. ಅಮ್ಮ ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಮೂರು ಹಾಡು ಮುಗಿಯುವ ತನಕ ತೊಟ್ಟಿಯ ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿದೆ. ಮನೆಗೆ ಬರುವ ದಾರಿಯಲ್ಲಿ ಅಮ್ಮ, “ಅಷ್ಟು ಮಕ್ಕಳ ನಡುವೆಯೂ ನಿನ್ನ ಧ್ವನಿ ನನಗೆ ಬೇರೆಯಾಗಿಯೇ ಕೇಳಿಸಿತು ಕಣೋ” ಎಂದರು.

ಅಲ್ಲಿಂದ ಮುಂದೆ ನಾನು ಹಾಡಿಲ್ಲ. ಸ್ನಾನದ ಮನೆಯಲ್ಲೂ ಇಲ್ಲ. ಮಗಳಿಗೆ ಜೋಗುಳ ಹಾಡುವುದನ್ನೂ ಹೆಂಡತಿಗೇ ಬಿಟ್ಟುಕೊಟ್ಟೆ. ಇದು ನನ್ನೊಬ್ಬನ ಕಥೆಯೋ, ಇನ್ನೂ ಯಾರಾದರೂ ಇದ್ದೀರೋ?

ತುಂಗೆಯ ದಡ
ನಾನಿದ್ದೇನೆ. ಶಿವಮೊಗ್ಗ, 1987. ನನಗೆ ಹೇಳಿದ್ದು, “ನೀನು ಪುಸ್ತಕ ಹಿಡಿದುಕೊಂಡು ನಿಲ್ಲಮ್ಮಾ, ಸಾಕು.” ಪುಸ್ತಕವನ್ನು ಬಹಳ ಚೆನ್ನಾಗಿ ಹಿಡಿದಿದ್ದೆ ಎಂದು ಎಲ್ಲರೂ ಹೊಗಳಿದರು.

ಖಾರ ಮಂಡಕ್ಕಿ
ಇದನ್ನು ಇಷ್ಟು ದೊಡ್ಡದು ಮಾಡಬೇಕೇ? ಎಂಟನೆಯ ತರಗತಿಯಲ್ಲಿ ನನ್ನನ್ನು ಕಬಡ್ಡಿ ತಂಡದಿಂದ ಕೈಬಿಟ್ಟರು. ನಾನು ಎಲ್ಲಿಯೂ ಬರೆದುಕೊಂಡಿಲ್ಲ.

ಕೊನೆಯ ಬೆಂಚು
ಕೈಬಿಟ್ಟರಲ್ಲವೇ? ಅದು ಮರ್ಯಾದೆಯ ಕೆಲಸ. ನಿಮ್ಮನ್ನು ಅಂಕಣಕ್ಕೆ ಇಳಿಸಿ, “ಕಬಡ್ಡಿ ಕಬಡ್ಡಿ ಎಂದು ಬಾಯಿ ಆಡಿಸುತ್ತಾ ಓಡಾಡು, ಯಾರನ್ನೂ ಮುಟ್ಟಬೇಡ” ಎಂದಿದ್ದರೆ ಹೇಗಿರುತ್ತಿತ್ತು ಹೇಳಿ.

ಖಾರ ಮಂಡಕ್ಕಿ
ಅದೂ ಸರಿಯೇ. ಒಂದು ಅಂಕ ನಿಮಗೆ.

ಸಾಧನಕೇರಿ
ನೀವು ದಕ್ಷಿಣದವರು “ಸ್ಕೂಲ್ ಡೇ” ಎನ್ನುತ್ತೀರಿ, ನಮ್ಮಲ್ಲಿ “ಗ್ಯಾದರಿಂಗ್”. ಆ ಶಬ್ದ ಕೇಳಿದರೇ ನನಗೆ ಹೊಸ ಕಾಗದದ ಪರಪರಿಯ (ತೋರಣದ) ವಾಸನೆ, ಪೆಂಡಾಲಿನ ವಾಸನೆ ಬರುತ್ತದೆ. ಹಾಡಲು ಬಾರದವರಿಗೆ ನಮ್ಮಲ್ಲಿ ಲೇಜಿಮ್ ಇತ್ತು. ಕಟ್ಟಿಗೆಯ ಹಿಡಿ, ಸರಪಳಿ, ಅದಕ್ಕೆ ತಗಡಿನ ಬಿಲ್ಲೆಗಳು. ಎಂಬತ್ತು ಹುಡುಗರು ಒಮ್ಮೆಲೇ ಬಗ್ಗಿ ಎದ್ದು ಝಣ್ ಎನಿಸಿದರೆ ಯಾರ ಕಂಠ ಹೇಗಿದೆ ಎಂದು ಕೇಳುವವರು ಯಾರು? ಲೇಜಿಮ್‌ನಲ್ಲಿ ಬೇಸೂರು ಎಂಬುದೇ ಇಲ್ಲ. ತಪ್ಪು ಹೆಜ್ಜೆ ಇಟ್ಟರೆ ಮಾತ್ರ ಡ್ರಿಲ್ ಮಾಸ್ತರರ ಸೀಟಿ ಬೆನ್ನಿಗೆ ಬೀಳುತ್ತಿತ್ತು.

ಒಮ್ಮೆ ಗ್ಯಾದರಿಂಗ್‌ನಲ್ಲಿ ಹುಡುಗಿಯರ ಕೋಲಾಟದ ನಡುವೆ ಕ್ಯಾಸೆಟ್ಟಿನ ಟೇಪು ಸುತ್ತಿಕೊಂಡು ಹಾಡು “ಊಂ…” ಎಂದು ನರಳಿ ನಿಂತುಹೋಯಿತು. ಪೆನ್ಸಿಲ್ ಹುಡುಕುವುದರಲ್ಲಿ ಎಲ್ಲರೂ ಮುಳುಗಿದ್ದಾಗ, ಹಿಂದೆ ಕುಳಿತಿದ್ದ ಅಜ್ಜಿಯೊಬ್ಬರು ಅದೇ ಲಯಕ್ಕೆ, ಕಣದಲ್ಲಿ ಹಾಡುವ ಹಂತಿಯ ಪದ ಎತ್ತಿದರು. ಹುಡುಗಿಯರು ನಿಲ್ಲಲೇ ಇಲ್ಲ. ಆ ವರ್ಷದ ಗ್ಯಾದರಿಂಗ್‌ನಲ್ಲಿ ನನಗೆ ನೆನಪಿರುವುದು ಅದೊಂದೇ.

ತುಂಗೆಯ ದಡ
ಪೆನ್ಸಿಲ್! ಕ್ಯಾಸೆಟ್ಟಿನ ಹಲ್ಲಿನೊಳಗೆ ತೂರಿಸಿ ತಿರುಗಿಸುವ ಆ ಕೆಲಸಕ್ಕೆ ಆರು ಮೂಲೆಯ ಪೆನ್ಸಿಲ್ಲೇ ಆಗಬೇಕು. ದುಂಡನೆಯದು ಜಾರುತ್ತದೆ.

ಪೇಟಿ ಮಾಸ್ತರ
ನಾನು ಮೂವತ್ತೊಂದು ವರ್ಷ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತನಾದವನು. ತಮ್ಮಾ, ಆ ಮಾತನ್ನು ನಾನೂ ಆಡಿದ್ದೇನೆ. ಎಷ್ಟು ಮಕ್ಕಳಿಗೆ ಎಂದು ಲೆಕ್ಕ ಇಟ್ಟಿಲ್ಲ. ನಿಮ್ಮ ಬರಹ ಓದಿ ಎರಡು ದಿನ ಸುಮ್ಮನಿದ್ದೆ. ಇವತ್ತು ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಡೆಯ ಮಾತು. ಆಗಸ್ಟ್ ಹದಿನೈದಕ್ಕೆ ಒಂಬತ್ತು ದಿನ ಇರುವಾಗ ಮುಖ್ಯಾಧ್ಯಾಪಕರು ಕರೆದು, “ಶಾಸಕರು ಬರುತ್ತಾರೆ, ಎರಡು ಹಾಡು ಆಗಬೇಕು” ಎನ್ನುತ್ತಿದ್ದರು. ನಲವತ್ತು ಮಕ್ಕಳು, ಒಂದು ಪೇಟಿ (ಹಾರ್ಮೋನಿಯಂ), ಅದರಲ್ಲಿಯೂ ಎರಡು ಸ್ವರ ಏಳುತ್ತಿರಲಿಲ್ಲ. ಒಂದು ಬೆಲ್ಲಿನ ಅವಧಿ ನಲವತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಸಾಲು ನಿಲ್ಲಿಸುವುದಕ್ಕೇ ಹೋಗುತ್ತಿತ್ತು. ಸಮೂಹದಲ್ಲಿ ಒಂದು ಗಟ್ಟಿ ಕಂಠ ಬೇರೆ ಸ್ವರ ಹಿಡಿದರೆ ಅಕ್ಕಪಕ್ಕದ ನಾಲ್ಕು ಮಕ್ಕಳು ಅದರ ಹಿಂದೆ ಹೋಗುತ್ತಾರೆ. ಅವನೊಬ್ಬನನ್ನು ಸುಮ್ಮನಿರಿಸಿದರೆ ಉಳಿದ ಮೂವತ್ತೊಂಬತ್ತು ಮಕ್ಕಳು ದಡ ಸೇರುತ್ತಾರೆ. ತಂಡದಿಂದ ತೆಗೆದರೆ ಹುಡುಗ ಅಳುತ್ತಾನೆ, ಮನೆಯವರು ಬರುತ್ತಾರೆ. ಹೀಗಾಗಿ ಬಾಯಿ ಆಡಿಸು ಎನ್ನುವುದು ನಮಗೆ ಕರುಣೆಯ ದಾರಿ ಅನಿಸುತ್ತಿತ್ತು. ಇದು ಸುಳ್ಳಲ್ಲ.

ಇನ್ನು ತಪ್ಪಿನ ಮಾತು. ನನ್ನ ಷಡ್ಜ, ಅಂದರೆ ಹಾಡಿಗೆ ಆಧಾರವಾದ “ಸ”, ಕರಿ ಒಂದು: ಪೇಟಿಯ ಮೊದಲ ಕಪ್ಪು ಮನೆ. ಪೇಟಿ ತೆರೆದರೆ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಮೂವತ್ತೊಂದರಲ್ಲಿ ಇಪ್ಪತ್ತಮೂರು ವರ್ಷ ಎಲ್ಲ ಮಕ್ಕಳಿಗೂ ಅದನ್ನೇ ಕೊಟ್ಟೆ. ಅಲ್ಲಿಂದ ಹಾಡಿದರೆ ಚರಣ ಮೇಲೆ ಹತ್ತಿದಾಗ ಮಗು ಕಿರುಚಬೇಕು. ಒಂದು ಸ್ಥಾಯಿ ಕೆಳಗಿನಿಂದ ಹಿಡಿಯೋಣವೆಂದರೆ ಅದರ ಗಂಟಲಿನಲ್ಲಿ ಸ್ವರವೇ ಇಲ್ಲ. ಕಿರುಚಲಾರದ ಮಗು ನಡುವೆ ತನಗೆ ಸಿಕ್ಕ ಯಾವುದೋ ಸ್ವರದಲ್ಲಿ ನಿಲ್ಲುತ್ತಿತ್ತು. ನಾನು ಅದಕ್ಕೆ ಬೇಸೂರು ಎಂದು ಹೆಸರಿಡುತ್ತಿದ್ದೆ. ಒಂದು ವರ್ಷ ಪಕ್ಕದ ಶಾಲೆಯಿಂದ ತಾಲೀಮಿಗೆ ಸಹಾಯಕ್ಕೆ ಬಂದ ಶಿಕ್ಷಕಿಯೊಬ್ಬರು ಏನೂ ಹೇಳದೆ ಪೇಟಿಯ ಮೇಲೆ ನನ್ನ ಕೈಯನ್ನು ಸರಿಸಿ ಕರಿ ನಾಲ್ಕರಿಂದ ಹಾಡಿಸಿದರು. ಬಾಯಿ ಮುಚ್ಚಿಸಿದ್ದ ಏಳು ಮಕ್ಕಳಲ್ಲಿ ಐದು ಮಕ್ಕಳು ಹಾದಿಗೆ ಬಂದರು.

ನೀವು ಎತ್ತರ ಇದ್ದೆ ಎಂದಿದ್ದೀರಿ. ಬೇಗ ಎತ್ತರಕ್ಕೆ ಬೆಳೆಯುವ ಹುಡುಗರ ಧ್ವನಿ ಬೇಗ ಒಡೆಯಲು ಶುರುವಾಗುವುದುಂಟು. ಧ್ವನಿಪೆಟ್ಟಿಗೆ ಬೆಳೆದು ತಂತುಗಳು ಉದ್ದವಾಗುತ್ತವೆ; ನಿನ್ನೆ ಸಿಕ್ಕ ಸ್ವರ ಇವತ್ತು ಕೈಗೆ ಸಿಗುವುದಿಲ್ಲ. ಹನ್ನೆರಡರಿಂದ ಹದಿನಾಲ್ಕರ ಹುಡುಗರಿಗೆ ಅದು ಒಂದೆರಡು ವರ್ಷದ ಕಾಟ, ಜೀವಮಾನದ್ದಲ್ಲ. ಆ ಮೇಷ್ಟರು ಇದನ್ನು ನಿಮಗೆ ಹೇಳಬೇಕಿತ್ತು. ನಾನೂ ನನ್ನ ಹುಡುಗರಿಗೆ ಹೇಳಬೇಕಿತ್ತು.

ಕೊನೆಯ ಬೆಂಚು
ಗುರುಗಳೇ, ಇದನ್ನು ನಾಲ್ಕು ಸಲ ಓದಿದೆ. ಉತ್ತರ ಆಮೇಲೆ ಬರೆಯುತ್ತೇನೆ.

ಒಗ್ಗರಣೆ
ಎಲ್ಲರೂ ಕಣ್ಣೊರೆಸಿಕೊಳ್ಳುವುದು ಆಯಿತೇ? ಈಗ ನಾನು ಸ್ವಲ್ಪ ಕಹಿ ಹೇಳುತ್ತೇನೆ. ಮಾಸ್ತರರೇ, ನಿಮ್ಮ ಪ್ರಾಮಾಣಿಕತೆಗೆ ಕೈ ಮುಗಿಯುತ್ತೇನೆ. ಆದರೆ “ಶಾಸಕರು ಬರುತ್ತಾರೆ” ಎಂಬ ಒಂದು ವಾಕ್ಯದಲ್ಲಿ ಎಲ್ಲ ರೋಗವೂ ಇದೆ. ಹಾಡು ಮಕ್ಕಳಿಗಾಗಿ ಇರಲಿಲ್ಲ, ಅತಿಥಿಗಳಿಗಾಗಿ ಇತ್ತು. ಅತಿಥಿ ತಡವಾಗಿ ಬಂದು, ಒಂದು ಹಾಡು ಕೇಳಿ, ಎರಡನೆಯದರ ನಡುವೆ ಎದ್ದು ಹೋಗುತ್ತಾರೆ. ಅವರ ಕಿವಿಯನ್ನು ಕಾಪಾಡುವುದಕ್ಕೆ ಒಂದು ಮಗುವಿನ ಬಾಯಿ ಮುಚ್ಚಿಸಬೇಕೇ?

ಖಾರ ಮಂಡಕ್ಕಿ
ಎಲ್ಲರೂ ಹಾಡಲೇಬೇಕೆಂದರೆ ಕೇಳುವವರು ಯಾರು? ಎರಡು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಬೇಸೂರು ಕೇಳಿದ ತಂದೆ ತಾಯಿಯರ ಕಷ್ಟವನ್ನೂ ಯಾರಾದರೂ ಬರೆಯಿರಿ.

ಒಗ್ಗರಣೆ
ತಂದೆ ತಾಯಿಯರು ಯಾವ ಕಾಲದಲ್ಲಿ ಸಂಗೀತ ಕೇಳಲು ಬಂದಿದ್ದಾರೆ? ತಮ್ಮ ಮಗು ಎಡದಿಂದ ಎಷ್ಟನೆಯದು ಎಂದು ನೋಡಲು ಬರುತ್ತಾರೆ.

ಅಗ್ರಹಾರದ ತಿರುವು
ಮೈಸೂರಿನಲ್ಲಿ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಸ್ವರ ಹಿಡಿಯುವುದು ಹುಟ್ಟಿನಿಂದ ಬರುವ ವರ ಎಂದು ನಂಬಿಸಿರುವುದೇ ಮೊದಲ ತಪ್ಪು. ಪುರಂದರದಾಸರು ಹಾಕಿಕೊಟ್ಟರೆಂದು ಹೇಳುವ ಅಭ್ಯಾಸಕ್ರಮವನ್ನೇ ನೋಡಿ: ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಆಮೇಲೆ ಗೀತೆ. ತಿಂಗಳುಗಟ್ಟಲೆ ಮಾಯಾಮಾಳವಗೌಳ ರಾಗದಲ್ಲಿ ಸ್ವರಗಳ ಮೆಟ್ಟಿಲು ಹತ್ತಿ ಇಳಿಯುವುದೇ ಕೆಲಸ. ಸ್ವರ ತಾನಾಗಿಯೇ ಬರುವುದಾದರೆ ಇಷ್ಟೆಲ್ಲ ಏಕೆ ಬೇಕಿತ್ತು? ನನ್ನ ಬಳಿ ಬರುವ ಹತ್ತರಲ್ಲಿ ಮೂರು ಮಕ್ಕಳಿಗೆ ಮೊದಲ ತಿಂಗಳು ಷಡ್ಜ ನಿಲ್ಲುವುದಿಲ್ಲ. ಅವರಿಗೆ ಶ್ರುತಿ ಪೆಟ್ಟಿಗೆಯ ಜೊತೆ ಸುಮ್ಮನೆ “ಸ” ಎಂದು ಎಳೆಯುವುದನ್ನಷ್ಟೇ ಕೊಡುತ್ತೇನೆ. ಮೂರನೆಯ ತಿಂಗಳಿಗೆ ಯಾರು ಯಾರೆಂದು ನನಗೇ ಗುರುತು ಸಿಗುವುದಿಲ್ಲ.

ಪೇಟಿ ಮಾಸ್ತರರು ಹೇಳಿದ ಶ್ರುತಿಯ ಮಾತು ನೂರಕ್ಕೆ ನೂರು ನಿಜ. ಗಂಡಸರು ಒಂದು, ಒಂದೂವರೆಯಲ್ಲಿ ಹಾಡಿದರೆ ಹೆಂಗಸರು, ಮಕ್ಕಳು ಐದು, ಐದೂವರೆಯ ಆಸುಪಾಸು. ಮಾಸ್ತರರ ಕರಿ ಒಂದು ನಮ್ಮ ಲೆಕ್ಕದಲ್ಲಿ ಒಂದೂವರೆ ಶ್ರುತಿ, ಕರಿ ನಾಲ್ಕು ಐದೂವರೆ. ಇದನ್ನು ತಿಳಿಯಲು ವಿದ್ವತ್ ಪರೀಕ್ಷೆ ಪಾಸಾಗಬೇಕಿಲ್ಲ, ಜೂನಿಯರ್ ಸಾಕು.

ಪೇಟಿ ಮಾಸ್ತರ
ಆ ಕೊನೆಯ ಸಾಲು ನನಗೇ ಬಿದ್ದಿತು ತಂಗಿ. ಸರಿಯಾಗಿಯೇ ಬಿದ್ದಿತು.

ಬೆಲ್ಲದ ಅಚ್ಚು
ನಮ್ಮ ಮಂಡ್ಯದ ಶಾಲೆಯಲ್ಲಿ 1984ರಲ್ಲೇ ದಿನಾ ಬೆಳಿಗ್ಗೆ ನಾಡಗೀತೆ ಹಾಡಿಸುತ್ತಿದ್ದರು. ಎಲ್ಲ ಮಕ್ಕಳೂ ಹಾಡಬೇಕು, ಯಾರಿಗೂ ಬಾಯಿ ಮುಚ್ಚು ಎನ್ನುವ ಮಾತಿರಲಿಲ್ಲ.

ಕಡತ
ತಿದ್ದುಪಡಿ. 1984ರಲ್ಲಿ ನೀವು ಹಾಡಿದ್ದು ಕುವೆಂಪು ಅವರ ಕವನ. ಅದನ್ನು ನಾಡಗೀತೆ ಎಂದು ಸರ್ಕಾರ ಘೋಷಿಸಿದ್ದು 2004ರ ಜನವರಿ 6ರಂದು.

ಬೆಲ್ಲದ ಅಚ್ಚು
ಪಟ್ಟ ಕಟ್ಟಿದ್ದು ಯಾವಾಗಲಾದರೂ ಇರಲಿ ಸ್ವಾಮಿ, ಬಿಸಿಲಿನಲ್ಲಿ ನಿಂತು ಹಾಡಿದವರು ನಾವು.

ತುಂಗೆಯ ದಡ
ಯಾವ ಧಾಟಿಯಲ್ಲಿ? ಮೈಸೂರು ಅನಂತಸ್ವಾಮಿಯವರದೋ, ಸಿ. ಅಶ್ವಥ್ ಅವರದೋ?

ಬೆಲ್ಲದ ಅಚ್ಚು
ಎರಡೂ ಅಲ್ಲ. ನಮ್ಮ ದೈಹಿಕ ಶಿಕ್ಷಕರ ಧಾಟಿ. ಲೆಫ್ಟ್ ರೈಟ್ ಲೆಫ್ಟ್.

ಕಡತ
ಧಾಟಿಯ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತ್ತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, ಎರಡು ನಿಮಿಷ ಮೂವತ್ತು ಸೆಕೆಂಡು ಎಂದು ನಿಗದಿ ಮಾಡಿತು. ರಾಷ್ಟ್ರಗೀತೆಗೆ 52 ಸೆಕೆಂಡು ಇರುವ ಹಾಗೆ ಇದಕ್ಕೂ ಒಂದು ಅಳತೆ ಬೇಕಿತ್ತು. ಮೊದಲೆಲ್ಲ ಆಲಾಪ, ಪುನರಾವರ್ತನೆ ಸೇರಿಸಿ ಹಾಡುವಷ್ಟರಲ್ಲಿ ಮುಂದಿನ ಸಾಲಿನ ಚಿಕ್ಕ ಮಕ್ಕಳು ತಲೆಸುತ್ತಿ ಬೀಳುತ್ತಿದ್ದರು.

ಒಗ್ಗರಣೆ
ಅಳತೆ ಸರಿ, ಆದರೆ ಅಶ್ವಥ್ ಧಾಟಿ ಕೇಳಿ ಬೆಳೆದ ನನಗೆ ಈಗಲೂ…

ನಿರ್ವಾಹಕರು
ಧಾಟಿಯ ಜಗಳಕ್ಕೆ ಈಗಾಗಲೇ ಇನ್ನೂರು ಉತ್ತರಗಳ ಬೇರೆ ಎಳೆ ಇದೆ. ದಯವಿಟ್ಟು ಅಲ್ಲಿಗೆ ಹೋಗಿ. ಇಲ್ಲಿ ಶಾಲೆಯ ನೆನಪು.

ಚೌಕಿ
ಕುಂದಾಪುರದ ಕಡೆಯಿಂದ ಒಂದು ಪರಿಹಾರ: ಯಕ್ಷಗಾನ! ಹಾಡುವವರು ಭಾಗವತರು, ಕುಣಿಯುವವರು ವೇಷದವರು. ಬಾಯಿ ಆಡಿಸುವ ನಾಟಕವೇ ಬೇಡ. ಅರ್ಥ ಹೇಳುವಾಗ ಮಾತ್ರ ನಿಮ್ಮ ಬಾಯಿ, ಅಲ್ಲಿ ಶ್ರುತಿ ಸ್ವಲ್ಪ ಆಚೀಚೆ ಆದರೂ ಗಂಟಲು ಗಟ್ಟಿ ಇದ್ದರೆ ಸಾಕು.

ಪ್ರಾರ್ಥನೆಯ ತಂಡದಿಂದ ನನ್ನನ್ನೂ ತೆಗೆದಿದ್ದರು. ಅದೇ ವರ್ಷ ಶಾಲೆಗೆ ಯಕ್ಷಗಾನ ಕಲಿಸಲು ಬಂದ ಗುರುಗಳು ನನ್ನ ಕಾಲು ನೋಡಿ ಬಾಲಗೋಪಾಲ ವೇಷಕ್ಕೆ ಸೇರಿಸಿಕೊಂಡರು. ಮೂರು ತಿಂಗಳು ತೈ ತೈ ಎಂದು ಮಣ್ಣು ತುಳಿದೆ. ವಾರ್ಷಿಕೋತ್ಸವದ ದಿನ ಸಂಜೆ ನಾಲ್ಕಕ್ಕೇ ಚೌಕಿಯಲ್ಲಿ ಮುಖಕ್ಕೆ ಬಣ್ಣ. ಕಿರೀಟ ಕಟ್ಟುವಾಗ ಎಷ್ಟು ಬಿಗಿದರೆಂದರೆ ಕಣ್ಣು ಹೊರಗೆ ಬರುವುದೊಂದೇ ಬಾಕಿ. ನಮ್ಮ ಸರದಿ ಬಂದದ್ದು ರಾತ್ರಿ ಹತ್ತೂವರೆಗೆ. ಅಷ್ಟರಲ್ಲಿ ಇನ್ನೊಬ್ಬ ಬಾಲಗೋಪಾಲ ಕಿರೀಟದ ಸಮೇತ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ಚೆಂಡೆಯ ಮೊದಲ ಪೆಟ್ಟಿಗೆ ಹೌಹಾರಿ ಎದ್ದು ರಂಗಸ್ಥಳಕ್ಕೆ ಓಡಿದವನು, ಪ್ರೇಕ್ಷಕರಿಗೆ ಬೆನ್ನು ಹಾಕಿ ಇಡೀ ಕುಣಿತ ಮುಗಿಸಿದ. ಒಂದು ಹೆಜ್ಜೆಯೂ ತಪ್ಪಲಿಲ್ಲ, ಅದನ್ನು ಮಾತ್ರ ಒಪ್ಪಬೇಕು.

ಈಗ ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟಿನವರು ಎಷ್ಟೋ ಪ್ರೌಢಶಾಲೆಗಳಲ್ಲಿ ಕಲಿಸುತ್ತಾರೆ. ಹೆಣ್ಣು ಮಕ್ಕಳ ವೇಷ ನೋಡಬೇಕು ನೀವು. ನಮ್ಮ ಕಾಲದಲ್ಲಿ ಅವರಿಗೆ ಸ್ವಾಗತ ಗೀತೆ ಬಿಟ್ಟರೆ ಗತಿ ಇರಲಿಲ್ಲ.

ಸಾಧನಕೇರಿ
ಸ್ವಾಗತ ಗೀತೆಯನ್ನು ಹಗುರಾಗಿ ನೋಡಬೇಡಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಹಾಡಿದ ಹುಡುಗಿ ಗಂಗೂಬಾಯಿ ಹಾನಗಲ್. ಆಗ ಅವರಿಗೆ ಎಂಟು ವರ್ಷ.

ಕಡತ
ಹನ್ನೊಂದು. ಹುಟ್ಟಿದ್ದು 1913, ಅಧಿವೇಶನ 1924ರ ಡಿಸೆಂಬರ್. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಅದು.

ಸಾಧನಕೇರಿ
ಸರಿ, ಹನ್ನೊಂದು. ಇನ್ನೊಂದು ಹೇಳುತ್ತೇನೆ, ಇದರಲ್ಲಿ ವರ್ಷ ಇಲ್ಲ, ತಿದ್ದಲು ಬರುವುದಿಲ್ಲ. ಗದಗಿನ ಭೀಮಸೇನ ಜೋಶಿಯವರು ಚಿಕ್ಕಂದಿನಲ್ಲಿ ಭಜನೆ, ಬ್ಯಾಂಡು, ಯಾವ ಮೆರವಣಿಗೆ ಬಂದರೂ ಅದರ ಹಿಂದೆ ಹೋಗಿ, ದಣಿದಲ್ಲೇ ಎಲ್ಲಾದರೂ ಮಲಗಿಬಿಡುತ್ತಿದ್ದರಂತೆ. ಹುಡುಕಿ ಸಾಕಾದ ತಂದೆ ಕೊನೆಗೆ ಅಂಗಿಯ ಮೇಲೆಯೇ “ಜೋಶಿ ಮಾಸ್ತರರ ಮಗ” ಎಂದು ಬರೆದು ಕಳಿಸುತ್ತಿದ್ದರು ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಸಿಕ್ಕವರು ತಂದು ಮನೆಗೆ ಬಿಡುತ್ತಿದ್ದರು. ನನ್ನ ಅಂಗಿಯ ಮೇಲೆ ಏನಾದರೂ ಬರೆದಿದ್ದರೆ ಅದು ಮಗ್ಗಿ ಮಾತ್ರ.

ಮರಳುಗಾಡಿನ ಮಲ್ಲಿಗೆ
ದುಬೈಯಿಂದ ನನ್ನದೊಂದು ಗೋಳು. ಇಲ್ಲಿ ರಾಜ್ಯೋತ್ಸವಕ್ಕೆ ಮಕ್ಕಳಿಂದ ಹಾಡಿಸುವ ಜವಾಬ್ದಾರಿ ಈ ವರ್ಷ ನನ್ನ ತಲೆಗೆ ಬಿದ್ದಿದೆ. ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟರೆ “ಲ” ಮತ್ತು “ಳ” ಎರಡೂ ಒಂದೇ. ಹಾಳೆಯ ಮೇಲೆ ಬೆಳಕು ಇದ್ದದ್ದು ವೇದಿಕೆಗೆ ಹತ್ತುವಷ್ಟರಲ್ಲಿ “ಬೆಲಕು” ಆಗುತ್ತದೆ. ಈಗ “ಳ” ಬರುವ ಕಡೆಗೆಲ್ಲ ಕೆಂಪು ಶಾಯಿಯ ಚುಕ್ಕೆ ಇಟ್ಟಿದ್ದೇನೆ. ಮಕ್ಕಳು ಅದಕ್ಕೆ “ನಾಲಿಗೆ ಮಡಚುವ ಚುಕ್ಕೆ” ಎಂದು ಹೆಸರಿಟ್ಟಿದ್ದಾರೆ.

ಅಂದ ಹಾಗೆ ಹದಿನಾರು ಮಕ್ಕಳಲ್ಲಿ ಒಬ್ಬ ಹುಡುಗನಿಗೆ ಸ್ವರ ನಿಲ್ಲುವುದಿಲ್ಲ. ಕಳೆದ ವಾರ ಅವನಿಗೆ ಅದೇ ಮಾತು ಹೇಳಲು ಬಾಯಿ ತೆರೆದಿದ್ದೆ. ಅಗ್ರಹಾರದ ತಿರುವು ಅವರೇ, ನನಗೆ ಇರುವುದು ಮೂರು ವಾರ. ಏನು ಮಾಡಲಿ?

ಅಗ್ರಹಾರದ ತಿರುವು
ಅಕ್ಕಾ, ಮೊದಲು ಅವನನ್ನು ಒಬ್ಬನೇ ಕೂರಿಸಿ ಅವನಿಗೆ ಸಲೀಸಾದ ಸ್ವರ ಯಾವುದೆಂದು ನೋಡಿ. ಅವನ ಸ್ವರಕ್ಕೆ ನೀವು ಹೋಗಿ ಸೇರಿಕೊಳ್ಳಿ, ಅಲ್ಲಿಂದ ಅರ್ಧರ್ಧ ಸ್ವರ ಮೇಲಕ್ಕೆ ಕರೆದುಕೊಂಡು ಬನ್ನಿ. ಸಾಲಿನಲ್ಲಿ ಅವನನ್ನು ತುದಿಗೆ ನಿಲ್ಲಿಸಬೇಡಿ; ಸ್ವರ ಗಟ್ಟಿಯಾಗಿರುವ ಇಬ್ಬರ ನಡುವೆ ನಿಲ್ಲಿಸಿ. ಮೈಕು ಮಾತ್ರ ಅವನ ಮುಂದೆ ಬೇಡ. ಇಷ್ಟು ಮೋಸ ನಾನೂ ಮಾಡುತ್ತೇನೆ.

ಖಾರ ಮಂಡಕ್ಕಿ
ನೋಡಿದಿರಾ? ಕೊನೆಗೆ ಮೈಕಿನ ಮಾತು ಬಂದೇ ಬಂದಿತು.

ಒಗ್ಗರಣೆ
ಮೈಕು ಇಲ್ಲದೆ ಹಾಡುವುದಕ್ಕೂ ಹಾಡದೇ ಇರುವುದಕ್ಕೂ ವ್ಯತ್ಯಾಸ ತಿಳಿಯದಿದ್ದರೆ ನಿಮ್ಮ ಕಬಡ್ಡಿ ಮಾಸ್ತರರು ಮಾಡಿದ್ದೇ ಸರಿ.

ಹೊಸ ಚಾಕ್‌ಪೀಸ್
ನಾನು ಈಗಿನ ಕಾಲದ ಶಿಕ್ಷಕಿ, ಆರು ವರ್ಷದ ಅನುಭವ. ನೀವೆಲ್ಲ ಹಳೆಯ ಮೇಷ್ಟರನ್ನು ಬೈಯುತ್ತಿದ್ದೀರಿ, ಇವತ್ತಿನದು ಕೇಳಿ. ನಮ್ಮಲ್ಲಿ ವಾರ್ಷಿಕೋತ್ಸವಕ್ಕೆ ಹದಿನೆಂಟು ಕಾರ್ಯಕ್ರಮ, ಹದಿನೇಳು ನೃತ್ಯ. ಎಲ್ಲದಕ್ಕೂ ಸ್ಪೀಕರಿನಲ್ಲಿ ಚಿತ್ರಗೀತೆ. ಮಕ್ಕಳು ಕುಣಿಯುತ್ತಾ ತುಟಿ ಆಡಿಸುತ್ತಾರೆ. ಅಂದರೆ ಆಗ ಒಬ್ಬನಿಗೆ ಹೇಳಿದ್ದನ್ನು ಈಗ ನಾನೂರು ಮಕ್ಕಳಿಗೂ ಹೇಳದೆಯೇ ಹೇಳಿಯಾಗಿದೆ. ಮಕ್ಕಳೇ ಹಾಡುವ ಒಂದು ಕಾರ್ಯಕ್ರಮ ಇಡೋಣ ಎಂದು ಸಭೆಯಲ್ಲಿ ಹೇಳಿದ್ದಕ್ಕೆ, “ವಿಡಿಯೊದಲ್ಲಿ ಚೆನ್ನಾಗಿ ಬರುವುದಿಲ್ಲ ಮೇಡಂ” ಎಂಬ ಉತ್ತರ ಬಂದಿತು. ಪ್ರತಿಭಾ ಕಾರಂಜಿಯಲ್ಲಿ ಜನಪದ ಗೀತೆ, ಲಘು ಸಂಗೀತ ಎಂದು ಸ್ಪರ್ಧೆ ಇರುವುದರಿಂದ ವರ್ಷಕ್ಕೊಮ್ಮೆ ನಾಲ್ಕು ಮಕ್ಕಳಾದರೂ ನಿಜವಾಗಿ ಹಾಡುತ್ತಾರೆ. ಅದೂ ಚೆನ್ನಾಗಿ ಹಾಡುವವರೇ. ಉಳಿದವರಿಗೆ ಬೆಳಗಿನ ಪ್ರಾರ್ಥನೆಯೇ ಗತಿ.

ಪೇಟಿ ಮಾಸ್ತರ
ಮಗಳೇ, ಆ ಬೆಳಗಿನ ಪ್ರಾರ್ಥನೆಯನ್ನು ಬಿಡಬೇಡ. ಅಲ್ಲಿ ಅತಿಥಿ ಇಲ್ಲ, ವಿಡಿಯೊ ಇಲ್ಲ. ಕರಿ ನಾಲ್ಕರಿಂದ ಎತ್ತಿಕೊಡು.

ತುಂಗೆಯ ದಡ
ವಿಷಯಾಂತರಕ್ಕೆ ಕ್ಷಮೆ ಇರಲಿ. ಅಪ್ಪನ ಹಳೆಯ ಹಾರ್ಮೋನಿಯಂ ಅಟ್ಟದಲ್ಲಿದೆ. ತಿದಿ ಇಲಿ ಕಡಿದಿದೆ, ಐದಾರು ಸ್ವರ ಕೂಗುವುದಿಲ್ಲ. ದುರಸ್ತಿ ಆಗುತ್ತದೆಯೇ, ಸುಮ್ಮನೆ ಇಟ್ಟುಬಿಡಲೇ?

ಪೇಟಿ ಮಾಸ್ತರ
ತಿದಿಗೆ ಹೊಸ ಚರ್ಮ, ಬಟ್ಟೆ ಹಾಕಬಹುದು, ಅದೇನು ದೊಡ್ಡ ಕೆಲಸವಲ್ಲ. ಕೂಗದ ಸ್ವರದಲ್ಲಿ ಹೆಚ್ಚಾಗಿ ಧೂಳು ಕುಳಿತಿರುತ್ತದೆ. ಹಿತ್ತಾಳೆಯ ರೀಡು ಮುರಿದಿರಬೇಕೆಂದಿಲ್ಲ. ನೀವೇ ಸೂಜಿ ಹಾಕಿ ಕೆದಕಬೇಡಿ, ರೀಡು ಒಂದಿಷ್ಟು ಸವೆದರೂ ಸ್ವರ ಬದಲಾಗುತ್ತದೆ. ಬಲ್ಲವರ ಕೈಗೆ ಕೊಡಿ.

ಕೊನೆಯ ಬೆಂಚು
ಬರೆಯುತ್ತೇನೆಂದು ಹೇಳಿ ಹತ್ತು ದಿನ ಆಯಿತು. ಮಾಸ್ತರರೇ, ಮೊಬೈಲಿನಲ್ಲಿ ತಂಬೂರಿ ಹಾಕಿಕೊಂಡು, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಕರಿ ಒಂದರಲ್ಲಿ “ಸ” ಎಂದೆ. ಮೊದಲ ಮೂರು ದಿನ ಕೆಮ್ಮು ಮಾತ್ರ ಬಂದಿತು. ನಾಲ್ಕನೆಯ ದಿನ ತಂಬೂರಿಯ ಒಳಗೆ ನನ್ನ ಧ್ವನಿ ಎಲ್ಲಿ ಹೋಯಿತೆಂದು ಒಂದು ಗಳಿಗೆ ಗೊತ್ತಾಗಲಿಲ್ಲ. ನಿಂತಿದೆ ಎಂದರೆ ಅದೇ ಅಲ್ಲವೇ?

ಮಗಳಿಗೆ ಸಿಕ್ಕಿಬಿದ್ದೆ. ಬಾಗಿಲ ಬಳಿ ನಿಂತು ಕೇಳಿ, “ಅಪ್ಪಾ, ಎರಡನೆಯ ಸಾಲಿನಲ್ಲಿ ನೀನು ಕೆಳಗೆ ಜಾರುತ್ತೀಯ” ಎಂದಳು. ಈಗ ರಾತ್ರಿ ಊಟ ಆದ ಮೇಲೆ ಹದಿನೈದು ನಿಮಿಷ ಅವಳ ತಾಲೀಮಿಗೆ ನಾನು ಜೊತೆ. ಅವಳಿಗೆ ಕರಿ ನಾಲ್ಕು, ನನಗೆ ಕರಿ ಒಂದು. ಜಗಳ ಆಗುವುದು ಮೊಬೈಲಿನ ಶ್ರುತಿಯನ್ನು ಯಾರಿಗೆ ಇಡಬೇಕೆಂಬುದಕ್ಕೆ ಮಾತ್ರ.

ಅಮ್ಮನಿಗೆ ಫೋನ್ ಮಾಡಿ, 1991ರಲ್ಲಿ ನಾನು ಹಾಡಿರಲೇ ಇಲ್ಲ, ಬಾಯಿ ಮಾತ್ರ ಆಡಿಸಿದ್ದೆ ಎಂದು ಕೊನೆಗೂ ಹೇಳಿಬಿಟ್ಟೆ. ಒಪ್ಪಲೇ ಇಲ್ಲ. “ಬಾಯಿ ಆಡಿಸಿದವನು ನಿನ್ನ ಪಕ್ಕದಲ್ಲಿದ್ದ ಹುಡುಗ. ನಿನ್ನ ಧ್ವನಿ ನನಗೆ ಗೊತ್ತಿಲ್ಲವೇನೋ” ಎಂದು ನನ್ನನ್ನೇ ಬೈದು ಫೋನ್ ಇಟ್ಟರು.

ಒಗ್ಗರಣೆ
ಪಕ್ಕದಲ್ಲಿದ್ದ ಹುಡುಗ ಈ ಎಳೆಯನ್ನು ಓದುತ್ತಿದ್ದರೆ ದಯವಿಟ್ಟು ಮುಂದೆ ಬರಬೇಕು.

ಖಾರ ಮಂಡಕ್ಕಿ
ಎಲ್ಲರ ಕಥೆಯೂ ಆಯಿತು, ನನ್ನನ್ನು ಕಬಡ್ಡಿ ತಂಡದಿಂದ ಏಕೆ ಕೈಬಿಟ್ಟರು ಎಂದು ಒಬ್ಬರೂ ಕೇಳಲಿಲ್ಲ. ಅದಕ್ಕೆ ಹೊಸ ಎಳೆ ತೆರೆಯುತ್ತಿದ್ದೇನೆ. ಅಮ್ಮನ ಸಾಕ್ಷಿ ನನಗೂ ಇದೆ.